ಎರಡು ಅಳತೆಯ ಲಂಗ

ಟ್ರಂಕಿನ ತಳದಿಂದ ಆ ನೀಲಿ ಲಂಗ ತೆಗೆದಾಗ ನುಸಿಗುಳಿಗೆಯ ಘಾಟಿನ ಜೊತೆ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆಯೂ ಬಂದಂತಾಯಿತು. ಇಷ್ಟು ವರ್ಷದ ಮೇಲೆ ಎಣ್ಣೆ ವಾಸನೆ ಎಲ್ಲಿಂದ ಬರಬೇಕು, ನನ್ನ ಭ್ರಮೆಯೇ ಇರಬೇಕು... ಆದರೂ ಟೈಲರಕ್ಕ ಕಣ್ಣೆದುರು ಬಂದು ಕೂತಳು.

ಆಂಡರ್ಸನ್‌ಪೇಟೆಯಲ್ಲಿ ನಮ್ಮ ಸಾಲಿನ ಕೊನೆಯ ಮನೆ ಅವಳದು. ಅವಳ ಎರಡೂ ಕಾಲು ಪೋಲಿಯೋಗೆ ಹೋಗಿದ್ದವು. ಮಣೆಯ ಮೇಲೆ ಕೂತು ಕೈಮಿಷನ್ ತಿರುಗಿಸುತ್ತಿದ್ದಳು. ಊರುಗೋಲುಗಳಿಗೆ ಜರಿ ಅಂಚು ಸುತ್ತಿ, ಹಬ್ಬ ಬಂದರೆ ಹೊಸದು ಹಾಕುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಅಂದರೆ ಮುಗಿಯಿತು, "ಪಾಪಾನ ನಿಮ್ಮನೇಲಿ ಇಟ್ಕಳಿ, ಬಟ್ಟೆ ಮಾತ್ರ ಇಲ್ಲಿ ಕೊಟ್ಟೋಗಿ" ಅನ್ನುತ್ತಿದ್ದಳು.

ನನಗೂ ಎಡಗಾಲು ಪೋಲಿಯೋ, ಬಲಗಾಲಿಗಿಂತ ಗಿಡ್ಡ. ಮೊಣಕಾಲವರೆಗೆ ಕಬ್ಬಿಣದ ಪಟ್ಟಿ, ದಪ್ಪ ಬೂಟು. ಬೇರೆ ಟೈಲರುಗಳು ಬಲಗಡೆ ಅಳತೆ ಹಿಡಿದು ಕೈ ತೊಳೆದುಕೊಳ್ಳುತ್ತಿದ್ದರು, ಲಂಗ ಒಂದು ಕಡೆ ಜೋತುಬೀಳುತ್ತಿತ್ತು. ಅವಳು ಮಾತ್ರ ಎರಡೂ ಕಡೆ ಟೇಪು ಹಿಡಿದು ಎರಡು ಅಳತೆ ಬರೆದುಕೊಳ್ಳುತ್ತಿದ್ದಳು.

ಹೈಸ್ಕೂಲಿನಲ್ಲಿ ಭಾಷಣಕ್ಕೆ ಬಹುಮಾನ ಬಂತು. ವಾರ್ಷಿಕೋತ್ಸವದ ದಿನ ವೇದಿಕೆ ಹತ್ತಬೇಕು. ಅಮ್ಮ ನೀಲಿ ಬಟ್ಟೆ ಕೊಟ್ಟು, "ಬೂಟು ಕಾಣ್ದಂಗೆ ಉದ್ದಕ್ಕೆ ಒಲಿಯಕ್ಕ" ಅಂದಳು.

"ನೆಲ ಗುಡ್ಸಕ್ಕೆ ಪೊರಕೆ ಐತಲ್ಲಮ್ಮ" ಅಂದ ಟೈಲರಕ್ಕ, ಗೆಜ್ಜೆ ಕಟ್ಟುವ ಜಾಗದವರೆಗೆ ಮಾತ್ರ ಹೊಲಿದಳು. ಬೆಳೆಯುವ ಹುಡುಗಿ ಅಂತ ಒಳಮಡಿಕೆ ಧಾರಾಳವಾಗಿ ಬಿಟ್ಟಿದ್ದಳು. ಅಮ್ಮ ಮನೆಯಲ್ಲಿ ಆ ಮಡಿಕೆಯನ್ನೇ ಬಿಚ್ಚಿ ಇಳಿಬಿಟ್ಟಳು.

ವೇದಿಕೆಯ ಎರಡನೇ ಮೆಟ್ಟಿಲಲ್ಲಿ ಬೂಟು ಲಂಗಕ್ಕೆ ಸಿಕ್ಕಿ ಬಿದ್ದೆ. ಬಹುಮಾನವನ್ನು ಟೀಚರೇ ಕೆಳಗೆ ತಂದು ಕೊಟ್ಟರು. ಆ ಅವಮಾನ ಇವತ್ತಿಗೂ ಉರಿಯುತ್ತದೆ.

ಮರುದಿನ ಟೈಲರಕ್ಕನ ಮುಂದೆ ಕೂತು "ಈ ದರಿದ್ರ ಕಾಲು" ಅಂತ ಅತ್ತೆ.

"ನೀನ್ ಬಿದ್ದಿದ್ದು ಕಾಲಿಂದ ಅಲ್ಲ ಕಣಮ್ಮಿ, ಮುಚ್ಚಿದ್ದಕ್ಕೆ. ಆ ಕಾಲು ನಿನ್ನ ಒತ್ಕೊಂಡು ತಿರುಗ್ತೈತೆ, ಅದನ್ಯಾಕೆ ಬೈತೀಯಾ?"

ಮತ್ತೆ ಮಡಿಕೆ ಹಾಕಿದಳು. ತನ್ನ ಊರುಗೋಲಿನ ಜರಿ ಬಿಚ್ಚಿ ಲಂಗದ ಅಂಚಿಗೆ ಹೊಲಿದಳು, ನೋಡುವವರ ಕಣ್ಣು ನೇರ ಬೂಟಿನ ಮೇಲೇ ಬೀಳಬೇಕು, ಹಾಗೆ. ಅಮ್ಮ ನೋಡಿದಳು. ಆಮೇಲೆ ಯಾವತ್ತೂ ಮಡಿಕೆ ಬಿಚ್ಚಲಿಲ್ಲ.

ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಎಷ್ಟು ದೂರ ಮಹಾ, ನಾಳೆ ಹೋದರಾಯಿತು ಅಂದುಕೊಂಡೇ... ಟೈಲರಕ್ಕ ಹೋದ ಸುದ್ದಿ ಸಿಕ್ಕಿದ್ದು ತಿಥಿ ಮುಗಿದ ಮೇಲೆ.

ಈಗ ಸೀರೆಯನ್ನೂ ಬೂಟು ಕಾಣುವ ಹಾಗೇ ಉಡುತ್ತೇನೆ. ಹೋದ ವಾರ ಇಲ್ಲಿನ ಟೈಲರ್ ಹುಡುಗಿ ಒಳಲಂಗಕ್ಕೆ ಬಲಗಡೆ ಅಳತೆ ತೆಗೆದು ಟೇಪು ಸುತ್ತಿಟ್ಟಳು.

"ಎಡಗಡೇನೂ ಹಿಡಿಯಮ್ಮ" ಅಂದೆ.

"ಯಾಕಕ್ಕ?"

"ನಂದು ಎರಡು ಅಳತೆ, ಬರ್ಕೋ."

ಹೇಳುವಾಗ ನಾಚಿಕೆಯೇನೂ ಆಗಲಿಲ್ಲ. ಹೇಳದೆಯೇ ಬರೆದುಕೊಳ್ಳುತ್ತಿದ್ದವಳು ಇಲ್ಲವಲ್ಲ ಅಂತ ಮಾತ್ರ ಅನ್ನಿಸಿತು.