ಪವಿತ್ರಾಳ ಸಂಜೆ ಕೆಲಸ ಮತ್ತು ಸಿರಸಿಯ ‘ಎಂತ ಇಲ್ಲೆ’

ಸಿರಸಿಗೆ ಬಂದ ಮೇಲೆ ಮೊದಲನೇ ಸಲ ಊಟಕ್ಕೆ ಕರೆದವರ ಮನೆಗೆ ನಾನು ಉಂಡುಕೊಂಡು ಹೋದೆ. ಅದು ಸಾಲದೆಂದು ಒಂದಿಷ್ಟು ರೊಟ್ಟಿ, ಶೇಂಗಾ ಚಟ್ನಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡೆ. ಪಾಪ, ಅವರ ಮನೆಯಲ್ಲಿ ಏನೂ ಇಲ್ಲವಂತೆ ಎಂದು.

ಕರೆದವಳು ಸಾವಿತ್ರಕ್ಕ, ನನಗೂ ಮೊಮ್ಮಗಳಿಗೂ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟವಳು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: “ಮಧ್ಯಾಹ್ನ ಎಂಗ್ಳ ಮನೆಗೆ ಊಟಕ್ಕೆ ಬನ್ನಿ. ವಿಶೇಷ ಎಂತ ಇಲ್ಲೆ, ಬರೀ ಅನ್ನ, ತಂಬುಳಿ.” ತಂಬುಳಿ ಅಂದರೆ ಸೊಪ್ಪು ಅರೆದು ಮಜ್ಜಿಗೆಗೆ ಕಲಸಿದ್ದು. ನೀರಿನ ಹಾಗೆ ಇರುತ್ತದೆ, ಕುಡಿಯಬೇಕೋ ಕಲಸಬೇಕೋ ಗೊತ್ತಾಗುವುದಿಲ್ಲ. ನಮ್ಮ ಕಡೆ ಒಬ್ಬಳು ಹೆಂಗಸು ಮನೆಯಲ್ಲಿ ಏನೂ ಇಲ್ಲ ಅಂದರೆ ನಿಜವಾಗಿಯೂ ಏನೂ ಇಲ್ಲ. ಅಂಥ ಮನೆಗೆ ಹಸಿದುಕೊಂಡು ಹೋಗುವವರು ನಾವಲ್ಲ.

ಹೋಗಿ ನೋಡಿದರೆ ಬಾಳೆ ಎಲೆಯ ತುಂಬ ಬಡಿಸಿದ್ದಾಳೆ. ಕೋಸಂಬರಿ, ಎರಡು ಪಲ್ಯ, ಅಪ್ಪೆಹುಳಿ, ಹಪ್ಪಳ, ಹೋಳಿಗೆ, ಪಾಯಸ. ನಾನು ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಸೆರಗಿನ ಹಿಂದೆ ಇಟ್ಟುಕೊಂಡೆ. ಹೊಟ್ಟೆಯಲ್ಲಿ ಜಾಗ ಇಲ್ಲ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟೆ. ನಮ್ಮಲ್ಲಿ ಕೈ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಸಾವಿತ್ರಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. ಈ ಹೆಂಗಸಿಗೆ ಸುಳ್ಳು ಹೇಳುವ ಚಟ ಇದೆ ಎಂದು ಅವತ್ತು ತೀರ್ಮಾನ ಮಾಡಿದೆ.

ಊರಲ್ಲಿ ನೀವೆಲ್ಲ ಕೇಳುತ್ತೀರಿ, ಸಿರಸಿ ಹೆಂಗೈತಿ ಅಂತ. ನಾನು ಬಂದಿದ್ದು ಬನವಾಸಿ ಆಚೆಯಿಂದ. ತಾಲೂಕು ಒಂದೇ. ಬಸ್ಸಿನಲ್ಲಿ ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಸಿರಸಿ ಬಂದುಬಿಡುತ್ತದೆ. ಆದರೆ ಆ ಒಂದು ನಿದ್ದೆಯಲ್ಲಿ ಮಾತು, ಊಟ, ಎಲ್ಲ ಬದಲಾಗಿರುತ್ತದೆ. ಇಲ್ಲಿ ‘ನಾನು’ ಅನ್ನುವುದಿಲ್ಲ, ‘ಆನು’ ಅನ್ನುತ್ತಾರೆ. ಎಂ.ಕಾಂ. ಓದುವ ಹುಡುಗಿಗೆ ‘ಕೂಸು’ ಅನ್ನುತ್ತಾರೆ. ಅವಳು ಬಂದಳು ಅನ್ನದೆ ಕೂಸು ಬಂತು ಅನ್ನುತ್ತಾರೆ. ನನ್ನ ಮೊಮ್ಮಗಳೇನು ದನವೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ ಅವರ ಮನೆಯ ಸೊಸೆಯೂ ‘ಬಂತು’, ಅತ್ತೆಯೂ ‘ಹೋತು’. ಸರಿ ಎಂದು ಬಿಟ್ಟೆ.

ನಾನು ಬಂದಿದ್ದು ಆ ಮೊಮ್ಮಗಳು ಪವಿತ್ರಾಳಿಗಾಗಿ. ಇಲ್ಲಿಯ ಕಾಲೇಜಿನಲ್ಲಿ ಎಂ.ಕಾಂ.ಗೆ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಸಿಗಲಿಲ್ಲ. ಹುಡುಗಿ ಒಬ್ಬಳೇ ಕೋಣೆ ಮಾಡುವುದು ಬೇಡ ಅಂದ ನನ್ನ ಮಗ. ನಾನು ಹೋಗತೇನಿ ಅಂದೆ. ಹೊಲಕ್ಕೆ ಹೋಗಲು ನನ್ನ ಮೊಣಕಾಲು ಹೇಗೂ ಒಪ್ಪುತ್ತಿರಲಿಲ್ಲ, ಸೊಸೆಗೂ ಒಂದಿಷ್ಟು ಗಾಳಿ ಬೇಕಿತ್ತು. ಮಗ ಕರಾರು ಹಾಕಿದ: ಫೀ ಅವನದು, ಅಕ್ಕಿ ಜೋಳ ಅವನದು, ಬಾಡಿಗೆ ನಮ್ಮದು. ಪವಿತ್ರಾ ಕ್ಲಾಸು ಮುಗಿಸಿ ಸಂಜೆ ಏನಾದರೂ ಕೆಲಸ ಮಾಡಬೇಕು. ದೀಪಾವಳಿಯೊಳಗೆ ಸಿಗದಿದ್ದರೆ ಓದು ಬಿಟ್ಟು ಇಬ್ಬರೂ ಗಂಟು ಕಟ್ಟಬೇಕು. ಅಲ್ಲಿಯ ತನಕ ನನ್ನ ಪೆನ್ಷನ್ನಿನಲ್ಲಿ ತಳ್ಳುವುದು.

ಮನೆ ಸಿಕ್ಕಿದ್ದೂ ಸಲೀಸಾಗಿ ಅಲ್ಲ. ನಾವು ಏನು ತಿನ್ನುತ್ತೇವೆ, ಯಾರ ಪೈಕಿ ಎಂದು ಸುತ್ತಿ ಬಳಸಿ ವಿಚಾರಿಸಿಕೊಂಡೇ ಕೊಟ್ಟರು. ನೇರವಾಗಿ ಕೇಳಿದ್ದರೆ ನೇರವಾಗಿ ಹೇಳುತ್ತಿದ್ದೆ, ಅರ್ಧ ದಿನ ಉಳಿಯುತ್ತಿತ್ತು. ಬಂದ ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದರೆ ಸಾವಿತ್ರಕ್ಕ ಗಾಬರಿಯಾಗಿ ಓಡಿ ಬಂದಳು, ಗೋಡೆ ಒಡೆಯುತ್ತಿದ್ದಾರೆ ಎಂದುಕೊಂಡು. ಈಗ ಆ ಸದ್ದು ಕೇಳದಿದ್ದರೆ ಅಜ್ಜಿಗೆ ಹುಷಾರಿಲ್ಲವೇ ಎಂದು ಇಣುಕುತ್ತಾಳೆ.

ಪವಿತ್ರಾ ಕೆಲಸಕ್ಕೆ ತಿರುಗಿದಳು. ಬಟ್ಟೆ ಅಂಗಡಿಯವನಿಗೆ ಬೆಳಿಗ್ಗೆಯಿಂದ ಬೇಕಂತೆ. ಕಂಪ್ಯೂಟರ್ ಅಂಗಡಿಯವನಿಗೆ ಅನುಭವ ಬೇಕಂತೆ. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರುತ್ತದೋ ಅವನೇ ಹೇಳಬೇಕು. ಟ್ಯೂಷನ್ನಿಗೆ ಕರೆದ ಒಬ್ಬಳು ತಾಯಿ, ಇವಳು ‘ಐತಿ’ ಅಂದಿದ್ದು ಕೇಳಿ, ಮಕ್ಕಳ ಭಾಷೆ ಕೆಡುತ್ತದೆ ಎಂಬ ಮುಖ ಮಾಡಿದಳಂತೆ. ದೀಪಾವಳಿ ಹತ್ತಿರ ಬಂತು. ಹುಡುಗಿಯ ಮಾತು ಕಡಿಮೆಯಾಯಿತು, ರೊಟ್ಟಿಯೂ ಕಡಿಮೆಯಾಯಿತು.

ಕೊನೆಗೆ ಹೋಗಿದ್ದು ಪೇಟೆಯಲ್ಲಿ ಭಾಗೀರಥಕ್ಕನ ಅಂಗಡಿಗೆ. ಮನೆಯಲ್ಲಿ ಮಾಡಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನಿನಂತೆ ಸುರಿಯುವ ಜೋನಿಬೆಲ್ಲ ಮಾರುವ ಅಂಗಡಿ. ಸಂಜೆ ಹೊತ್ತು ಒಬ್ಬರು ಬೇಕಾಗಿದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಹೋದಷ್ಟೇ ಬೇಗ ವಾಪಸು ಬಂದಳು ಪವಿತ್ರಾ.

“ಅವ್ರು ಕೆಲಸ ಇಲ್ಲ ಅಂದ್ರಜ್ಜಿ.”

“ಏನಂದ್ರು, ಅದನ್ನ ಹಂಗ ಹೇಳು.”

ಅಂಗಡಿ ಸಣ್ಣದು, ಇಲ್ಲಿ ಎಂತ ಇದ್ದು, ಇಷ್ಟು ಓದಿದ ಕೂಸಿಗೆ ನಾವು ಎಂತ ಕೊಡಲಾಗ್ತು ಅಂದರಂತೆ. ಕುಡಿಯಲು ನೀರು ಬೆಲ್ಲ ಕೊಟ್ಟರಂತೆ. ಇವಳು ನೀರು ಕುಡಿದು, ಆಯ್ತ್ರಿ ಎಂದು ಎದ್ದು ಬಂದಿದ್ದಾಳೆ. ನಾನಾಗಿದ್ದರೂ ಎದ್ದು ಬರುತ್ತಿದ್ದೆ. ಮೂಲೆಯಲ್ಲಿದ್ದ ಗೋಣಿಚೀಲ ಕೊಡವಿ ನೋಡಿದೆ, ಊರಿಗೆ ಹೊರಡುವಾಗ ಪಾತ್ರೆ ತುಂಬಲು ಆದೀತೆಂದು.

ಅಷ್ಟರಲ್ಲಿ ಸಾವಿತ್ರಕ್ಕ ಬಂದಳು, ಕೈಯಲ್ಲಿ ಮುಚ್ಚಿದ ಪಾತ್ರೆ. “ಎಂತ ಇಲ್ಲೆ ಅಜ್ಜಿ, ಒಂಚೂರು ಮಜ್ಜಿಗೆಹುಳಿ.” ಮುಚ್ಚಳ ತೆಗೆದರೆ ನಾಲ್ಕು ಜನಕ್ಕಾಗುವಷ್ಟು ಇದೆ, ಮೇಲೊಂದು ತಟ್ಟೆಯಲ್ಲಿ ಬಿಸಿ ವಡೆ.

ನಾನು ಪಾತ್ರೆ ನೋಡಿದೆ, ಮೊಮ್ಮಗಳನ್ನು ನೋಡಿದೆ. ಈ ಊರಿನಲ್ಲಿ ಏನೂ ಇಲ್ಲ ಅನ್ನುವವರ ಮನೆಯಲ್ಲೇ ಎಲ್ಲ ಇರುತ್ತದೆ. ಹಾಗಿದ್ದಮೇಲೆ ಆ ಅಂಗಡಿಯಲ್ಲಿ ಏನೂ ಇಲ್ಲ ಎಂದು ಹೇಗೆ ನಂಬುವುದು? ಸಾವಿತ್ರಕ್ಕನನ್ನೇ ಕೇಳಿದೆ. ಅವಳು ನಕ್ಕಳು. ತನ್ನದನ್ನು ತಾನೇ ದೊಡ್ಡದು ಎಂದು ಯಾರಾದರೂ ಹೇಳುತ್ತಾರೆಯೇ, ಹೇಳಿದರೆ ಎದುರಿನವರು ಏನೆಂದುಕೊಂಡಾರು, ಬಂದವರು ಹಾಗೆಲ್ಲ ಅನ್ನಬೇಡಿ ಎಂದು ಮತ್ತೆ ಮತ್ತೆ ಕೇಳಬೇಕು ಎಂದಳು. ಎಷ್ಟು ಸಲ ಕೇಳಬೇಕು ಅಂದೆ. ಅದಕ್ಕೆಲ್ಲ ಲೆಕ್ಕ ಇರುತ್ತದೆಯೇ ಅಂದಳು.

ಮರುದಿನ ಸಂಜೆ ನಾನೇ ಪವಿತ್ರಾಳನ್ನು ಕರೆದುಕೊಂಡು ಹೋದೆ. ಭಾಗೀರಥಕ್ಕ ನನ್ನಷ್ಟೇ ವಯಸ್ಸಿನ ತೆಳ್ಳನೆ ಹೆಂಗಸು. ನನಗೂ ನೀರು ಬೆಲ್ಲ ಬಂತು. ಬೆಲ್ಲ ಬಾಯಿಗೆ ಹಾಕಿಕೊಂಡೇ ಕೇಳಿದೆ.

“ಅಕ್ಕಾರ, ಕೆಲಸ ಐತೋ ಇಲ್ಲೋ? ಒಂದು ಮಾತಿನಾಗ ಹೇಳ್ರಿ.”

ಅವಳ ಕೈಯಲ್ಲಿದ್ದ ಹಪ್ಪಳದ ಕಟ್ಟು ಹಾಗೇ ನಿಂತಿತು. ಹೀಗೆ ಯಾರೂ ಅವಳನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ. “ನಿಂಗ್ಳ ಕೂಸು ಒಂದ್ ಮಾತಿಗೇ ಎದ್ದು ಹೋತಲಿ. ಅಂಗಡಿ ಮನಸ್ಸಿಗೆ ಬಂಜಿಲ್ಲೆ ಕಾಣ್ತು ಹೇಳಿ ಆನು ಸುಮ್ಮನಾದಿ,” ಅಂದಳು. ಹುಡುಗಿಗೇ ಅಂಗಡಿ ಹಿಡಿಸಲಿಲ್ಲ ಎಂದುಕೊಂಡಿದ್ದಳಂತೆ.

ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಒಂದು ಸಂಸಾರ ಕಾರಿನಿಂದ ಇಳಿದು ಒಳಗೆ ಬಂತು. ಹೆಂಗಸು ಮಿಡಿ ಉಪ್ಪಿನಕಾಯಿಯ ಬಾಟಲಿ ಎತ್ತಿಕೊಂಡು, ಹೆಂಗೈತ್ರಿ ಇದು ಅಂದಳು. ಭಾಗೀರಥಕ್ಕ, “ಅಡ್ಡಿಲ್ಲೆ. ಮನೇಲಿ ಮಾಡಿದ್ದು, ಅಷ್ಟೇ” ಅಂದಳು. ಆ ಹೆಂಗಸು ಬಾಟಲಿಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. ಮಾಡಿದವಳೇ ಅಷ್ಟೇ ಅಂದಮೇಲೆ ಕೊಳ್ಳುವವರು ಯಾರು? ನಾನು ಬಾಯಿ ತೆರೆಯುವ ಮೊದಲೇ ಪವಿತ್ರಾ ಎದ್ದಳು. ರುಚಿಗೆಂದು ಇಟ್ಟಿದ್ದ ಭರಣಿಯಿಂದ ಒಂದು ಮಿಡಿ ತೆಗೆದು ಎಲೆಯ ಚೂರಿನ ಮೇಲಿಟ್ಟು ಕೊಟ್ಟಳು.

“ಕಡದು ನೋಡ್ರಿ ಅಕ್ಕಾರ. ಕರುಂ ಅನ್ನಲಿಲ್ಲಂದ್ರ ತಗೋಬ್ಯಾಡ್ರಿ.”

ಕರುಂ ಅಂದಿತು. ಅವರು ಉಪ್ಪಿನಕಾಯಿ ಒಯ್ದರು, ಹಪ್ಪಳ ಒಯ್ದರು, ಜೋನಿಬೆಲ್ಲ ಹೇಗೆ ತಿನ್ನುವುದೆಂದು ಕೇಳಿ ಅದನ್ನೂ ಒಯ್ದರು. ಕಾರು ಹೋದಮೇಲೆ ಭಾಗೀರಥಕ್ಕ ಹಣವನ್ನು ಡಬ್ಬಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಕಡೆಯವರು ಬಂದು ನೋಡಿ ಬರಿಗೈಲಿ ಹೋಗುವುದು ಯಾಕೆಂದು ಇಷ್ಟು ವರ್ಷ ತನಗೆ ತಿಳಿದೇ ಇರಲಿಲ್ಲ ಅಂದಳು. ಪವಿತ್ರಾಳಿಗೆ ಹೇಳಿದ್ದು ಮಾತ್ರ ಒಂದೇ ಮಾತು: “ನಾಳಿಂದ ಬಾ ತಂಗಿ.”

ಇದಕ್ಕಿಂತ ಚಿಕ್ಕದಾಗಿ ನಮ್ಮೂರಿನವರೂ ಹೇಳಲಾರರು.

ಈಗ ಪವಿತ್ರಾ ಕ್ಲಾಸು ಮುಗಿಸಿ ನೇರ ಅಂಗಡಿಗೆ ಹೋಗುತ್ತಾಳೆ. ಫೋನಿನಲ್ಲಿ ಬಂದ ಆರ್ಡರು ಕಟ್ಟುತ್ತಾಳೆ, ಪಾರ್ಸೆಲ್ ಕಳಿಸುತ್ತಾಳೆ. ನಮ್ಮ ಕಡೆಯ ಗಿರಾಕಿ ಬಂದರೆ ಭಾಗೀರಥಕ್ಕ ಹಿಂದೆ ಸರಿದು ಇವಳನ್ನು ಮುಂದೆ ಮಾಡುತ್ತಾಳೆ. ಯಲ್ಲಾಪುರ, ಸಿದ್ದಾಪುರದವರು ಬಂದರೆ ಇವಳು ಹಿಂದೆ ಸರಿಯುತ್ತಾಳೆ. ಬಾಡಿಗೆ ನಾವೇ ಕಟ್ಟುತ್ತೇವೆ. ಕೆಲಸ ಹೇಗಿದೆಯೆಂದು ಮೊನ್ನೆ ಕೇಳಿದೆ. “ಅಡ್ಡಿಲ್ಲೆ” ಅಂದಳು ಹುಡುಗಿ. ತಟ್ಟೆಯ ಮುಂದೆ ಕೂತು ಮೂರನೇ ರೊಟ್ಟಿ ಮುರಿಯುತ್ತಿದ್ದಳು, ಹಾಗಾಗಿ ಅರ್ಥವಾಯಿತು.

ದೀಪಾವಳಿಗೆ ಊರಿಗೆ ಬಂದಿದ್ದೆವು, ನೀವೆಲ್ಲ ನೋಡಿದಿರಿ. ಹಬ್ಬದ ದಿನ ಆಚೆಮನೆ ಗೌರವ್ವ ಬಾಗಿಲಿಗೆ ಬಂದು, ಏನು ಮಾಡೀಯವ್ವ ಅಡಗಿ ಅಂದಳು. ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು. ನನ್ನ ಬಾಯಿಂದ ಬಂದಿದ್ದು, “ಏನಿಲ್ಲವಾ, ಬರೇ ಅನ್ನ ಸಾರು” ಎಂದು. ಯಾಕೆ ಹಾಗಂದೆನೋ ಗೊತ್ತಿಲ್ಲ. ಗೌರವ್ವ ಹೌದೇನವಾ ಎಂದು ಮುಖ ಸಣ್ಣ ಮಾಡಿಕೊಂಡು ಹೊರಟೇ ಹೋದಳು. ಸ್ವಲ್ಪ ಹೊತ್ತಿಗೆ ಬಂದವಳ ಕೈಯಲ್ಲಿ ಸೆರಗು ಮುಚ್ಚಿದ ತಟ್ಟೆ, ಅದರಲ್ಲಿ ಅವಳ ಮನೆಯ ಕಡಬು, ನಮಗೆಂದು.

ಒಳಗೆ ಎಳೆದು ಕೂರಿಸಿದೆ. ಸಿರಸಿಯಲ್ಲಿ ನನ್ನನ್ನು ಬನವಾಸಿ ಅಜ್ಜಿ ಅನ್ನುತ್ತಾರೆ. ಒಲೆಯ ಕಡೆ ನೋಡಿದ ಗೌರವ್ವ, “ಸಿರಸಿಯಾಕಿ ಆದಿ ಬಿಡು” ಅಂದಳು. ಒಂದು ಹೋಳಿಗೆ ಬಡಿಸಿದೆ, ಉಂಡಳು. ಎರಡನೆಯದು ತಂದಾಗ ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

ನಾನು ಅವಳ ಕೈಯನ್ನು ಪಕ್ಕಕ್ಕೆ ಸರಿಸಿ ಬಡಿಸಿದೆ.