ಎಮಿಲಿ ಟೀಚರ್ ಕೇಳಿಸಿಕೊಂಡ ಪ್ರಬಂಧಗಳು

ಎಮಿಲಿ ಟೀಚರ್ ನಮ್ಮ ಪ್ರಬಂಧದ ಪುಸ್ತಕಗಳನ್ನು ತೆರೆಯುವ ಮೊದಲು ಮೂಸಿ ನೋಡುತ್ತಿದ್ದರು. ಸೋಮವಾರ ಬೆಳಿಗ್ಗೆ ಪುಸ್ತಕ ಹಂಚುವಾಗ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು, ಮೇಲೆ ಬರೆದ ಹೆಸರನ್ನು ನೋಡದೆಯೇ ಕರೆಯುತ್ತಿದ್ದರು. "ಇದು ಒಲೆಯ ಎದುರು ಕೂತು ಬರ್ದದ್ದು, ಹೊಗೆ ಉಂಟು. ಕಮಲಾ, ಬಾ." "ಇದು ತೆಂಗಿನೆಣ್ಣೆ. ಗಿರಿಜಾ, ತಲೆಗೆ ಹಾಕಿದ್ದೆಷ್ಟು, ಪುಸ್ತಕಕ್ಕೆ ಹಾಕಿದ್ದೆಷ್ಟು ಮಾರಾಯ್ತಿ?" ನನ್ನ ಪುಸ್ತಕಕ್ಕೆ ಕಾಳುಮೆಣಸಿನ ವಾಸನೆ. ತಂದೆಯವರು ಬಂದರಿನ ಒಂದು ಮೆಣಸಿನ ಮಂಡಿಯಲ್ಲಿ ಗುಮಾಸ್ತರು. ಅಲ್ಲಿಂದ ತಂದ ಕಾಗದವೇ ನನ್ನ ಪುಸ್ತಕಗಳಿಗೆ ಹೊದಿಕೆ. "ಮೆಣಸಿನವಳು ಬಾ" ಎಂದಾಗ ಇಡೀ ತರಗತಿ ನಗುತ್ತಿತ್ತು. ಹತ್ತು ಜನರೆದುರು ನಗೆಗೆ ಸಿಕ್ಕುವುದು ನನಗೆ ಆಗದ ಸಂಗತಿ. ಆದರೂ ಆ ಕರೆಗೆ ಕಾಯುತ್ತಿದ್ದೆ.

ಅದು ಅವರ ತಮಾಷೆ ಎಂದೇ ನಾವು ತಿಳಿದಿದ್ದೆವು. ಕಣ್ಣು ಮಾಡಬೇಕಾದ ಕೆಲಸವನ್ನು ಮೂಗು ಮಾಡುತ್ತಿದೆ ಎಂದು ತಿಳಿದದ್ದು ನನಗೊಬ್ಬಳಿಗೆ, ಅದೂ ತಡವಾಗಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಐದನೆಯ ಫಾರಂ, ಎಂದರೆ ಎಸ್.ಎಸ್.ಎಲ್.ಸಿ.ಗೆ ಹಿಂದಿನ ತರಗತಿ, ಓದುತ್ತಿದ್ದೆ. ಟೀಚರಿಗೆ ಆಗ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಫಳ್ನೀರಿನಲ್ಲಿ ತಂಗಿಯೊಡನೆ ಇದ್ದರು. ಎತ್ತರದ, ತೆಳ್ಳಗಿನ ಹೆಂಗಸು; ಗಂಜಿ ಹಾಕಿದ ಬಿಳಿ ಸೀರೆ, ಕೈಯಲ್ಲಿ ಯಾವಾಗಲೂ ಕಪ್ಪು ಕೊಡೆ. ಬಿಸಿಲಿದ್ದರೂ ಕೊಡೆ ಬಿಡಿಸುತ್ತಿರಲಿಲ್ಲ, ಅದರ ತುದಿಯಿಂದ ದಾರಿಯನ್ನು ತಟ್ಟುತ್ತ ಬರುತ್ತಿದ್ದರು. ಪಾಠ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ಬೈಯುವುದಕ್ಕೂ ಮುದ್ದಿಗೂ ಮಾತ್ರ ಅವರಿಗೆ ಕನ್ನಡವೇ ಆಗಬೇಕು. ತೀರ ನೋವಾದರೆ ಕೊಂಕಣಿ.

ನನ್ನನ್ನು ಶಾಲೆಗೆ ಸೇರಿಸಿದ ದಿನ ಅಮ್ಮ ಅವರೊಡನೆ, "ಬಾಯಮ್ಮ, ಇವಳು ಮಾತೇ ಆಡುದಿಲ್ಲ. ಬೆಪ್ಪು ಅಂತ ತಿಳ್ಕೋಬೇಡಿ," ಎಂದಿದ್ದರು.

"ಮಾತಾಡುವವರು ನನ್ನ ಕ್ಲಾಸಿನಲ್ಲಿ ಬೇಕಾದಷ್ಟು ಇದ್ದಾರೆ. ಇವಳು ಒಬ್ಬಳು ಸುಮ್ಮನೆ ಇರ್ಲಿ," ಎಂದು ಟೀಚರ್ ನನ್ನ ತಲೆಯ ಮೇಲೆ ಕೈಯಿಟ್ಟರು.

ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಮಾದರಿ ಪ್ರಬಂಧಗಳ ಪುಸ್ತಕ ಅವರಿಗೆ ಆಗದು. ಅದರಿಂದ ಬಾಯಿಪಾಠ ಮಾಡಿ ಬರೆದದ್ದು ಮೊದಲ ಎರಡು ಸಾಲಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. "ಹಿಮ ಬಿತ್ತಂತೆ! ಎಲ್ಲಿ ಬಿತ್ತು? ಹಂಪನಕಟ್ಟೆಯಲ್ಲಾ?" ಎಂದು ಪುಸ್ತಕ ಮುಚ್ಚುತ್ತಿದ್ದರು. ಉದ್ದದ ವಾಕ್ಯಗಳ ಮೇಲೆ ಅವರಿಗೆ ಗುಮಾನಿ. "ಬರೆಯುದು ಅಂದ್ರೆ ಸೀರೆ ಉಟ್ಟ ಹಾಗೆ. ನೆರಿಗೆ ಜಾಸ್ತಿ ಆದ್ರೆ ನಡೀಲಿಕ್ಕೆ ಆಗುದಿಲ್ಲ" ಎನ್ನುವರು. ನಾನು ಇಂದು ಒಂದು ವಾಕ್ಯ ಬರೆದು ಅದನ್ನು ಮೆಲ್ಲಗೆ ಓದಿ ನೋಡುವುದು ಅವರಿಂದ ಬಂದ ರೂಢಿ. ಕಣ್ಣಿಗೆ ಸರಿ ಕಂಡ ಎಷ್ಟೋ ವಾಕ್ಯಗಳು ನಾಲಿಗೆಗೆ ಬಂದಾಗ ಕುಂಟುತ್ತವೆ ಎಂಬುದನ್ನು ನಾನು ಕಲಿತದ್ದು ಅವರ ಎದುರು ಕುಳಿತು.

ನಾನು ಅವರಿಗೆ ಓದಿ ಹೇಳುವುದು ಶುರುವಾದದ್ದು ಹೀಗೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನನ್ನು ಕರೆದು, "ನನ್ನ ಕನ್ನಡಕ ಮನೆಯಲ್ಲಿ ಬಾಕಿ ಆಯ್ತು. ಈ ಪುಸ್ತಕಗಳನ್ನು ಸ್ವಲ್ಪ ಓದಿ ಹೇಳ್ತೀಯಾ?" ಎಂದರು. ಖಾಲಿ ತರಗತಿಯಲ್ಲಿ ನಾನು ಓದಿದೆ. ಅವರು ಕಣ್ಣು ಮುಚ್ಚಿ, ಕೊಡೆಯ ಹಿಡಿಯ ಮೇಲೆ ಗದ್ದವಿಟ್ಟು ಕೇಳಿದರು. "ಅಲ್ಲಿ ಗೆರೆ ಎಳಿ" ಎಂದಲ್ಲಿ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಕೊನೆಯಲ್ಲಿ ಅವರೇ ಪುಟದ ಕೆಳಗೆ ಬೆರಳಿಟ್ಟು ಅಂದಾಜು ಮಾಡಿ, ದೊಡ್ಡ ಅಕ್ಷರದಲ್ಲಿ ಒಂದು ಮಾತು, ಪಕ್ಕದಲ್ಲಿ ಹತ್ತರಲ್ಲಿ ಇಷ್ಟು ಎಂದು ಅಂಕ ಬರೆದರು. ಮರುದಿನವೂ ಕರೆದರು. ಮೂರನೆಯ ದಿನ ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. "ಓದು" ಎಂದರು. ಓದಿದೆ. ಇಬ್ಬರೂ ಆ ವಿಷಯ ಎತ್ತಲಿಲ್ಲ. ಕಣ್ಣು ಹೋದ ಟೀಚರನ್ನು ಶಾಲೆ ಇಟ್ಟುಕೊಳ್ಳುವುದಿಲ್ಲ, ಆ ಸಂಬಳದ ಮೇಲೆಯೇ ಅಕ್ಕತಂಗಿಯರ ಮನೆ ನಡೆಯುತ್ತದೆ ಎಂಬುದು ಹದಿನೈದರ ನನಗೂ ತಿಳಿಯುವಂಥದ್ದೇ.

ಗಿರಿಜಾಳ ತಂದೆ, ಈ ಸಲ ಇಂಗ್ಲಿಷಿನಲ್ಲಿ ಬಿದ್ದರೆ ಶಾಲೆ ಸಾಕು, ಮದುವೆ ಮಾಡುತ್ತೇನೆ ಎಂದು ಹೇಳಿಬಿಟ್ಟಿದ್ದರು. ಅವಳು ಅದನ್ನು ನನಗೆ ಹೇಳಿ ಅತ್ತ ವಾರವೇ ಅವಳ ಪುಸ್ತಕ ನನ್ನ ಕೈಗೆ ಬಂತು. ಓದುತ್ತ ಓದುತ್ತ ಒಂದು ತಪ್ಪನ್ನು ನುಂಗಿ ಸರಿಯಾದದ್ದನ್ನು ಹೇಳಿದೆ. ಮುಂದಿನ ವಾಕ್ಯ ಸಪ್ಪೆಯಾಗಿತ್ತು. ಅದನ್ನೂ ಸ್ವಲ್ಪ ತಿರುಗಿಸಿದೆ. ಟೀಚರ್ ಕಣ್ಣು ತೆರೆದು, "ಗಿರಿಜಾ ಬರ್ದದ್ದಾ?" ಎಂದರು.

"ಹೌದು ಟೀಚರ್."

"ನೋಡು! ಎಣ್ಣೆ ತಲೆಗೆ ಇಳೀತು ಹಾಗಾದ್ರೆ!" ಎಂದು ಗಟ್ಟಿಯಾಗಿ ನಕ್ಕರು.

ಗಿರಿಜಾಳ ಮೇಲಿನ ಕನಿಕರದಿಂದ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಮೊದಲ ದಿನದ ಮಟ್ಟಿಗೆ ಅದು ನಿಜ. ಆಮೇಲೆ ನನಗೆ ರುಚಿ ಹತ್ತಿತು. ತಿಂಗಳೊಳಗೆ ಕಮಲಾಳದ್ದನ್ನೂ ತಿದ್ದುತ್ತಿದ್ದೆ, ಮತ್ತೆರಡು ತಿಂಗಳಲ್ಲಿ ಉಳಿದ ಇಪ್ಪತ್ತೈದು ಮಂದಿಯದ್ದನ್ನೂ. ಕಣ್ಣು ಒಂದು ವಾಕ್ಯವನ್ನು ನೋಡುತ್ತಿರುವಾಗ ಬಾಯಿ ಬೇರೊಂದನ್ನು ಕಟ್ಟಿ ಹೇಳಬೇಕು, ನಡುವೆ ತಡವರಿಸಬಾರದು. ಅಷ್ಟು ಚುರುಕಾಗಿ ನಾನು ಆಮೇಲೆ ಎಂದೂ ಬರೆದಿಲ್ಲ. ನನ್ನ ಪ್ರಬಂಧವನ್ನು ಮಾತ್ರ ಇದ್ದ ಹಾಗೆಯೇ ಓದುತ್ತಿದ್ದೆ. ಅದಕ್ಕೆ ಆರು ಅಂಕ. ಗಿರಿಜಾಳಿಗೆ ಎಂಟು. "ನಿನ್ನದು ಬಿಗಿ ಜಾಸ್ತಿ. ಗಿರಿಜಾಳನ್ನು ನೋಡಿ ಕಲಿ," ಎಂದು ಟೀಚರ್ ನನಗೆ ಬುದ್ಧಿ ಹೇಳಿದರು.

ನಾನು ನಿಲ್ಲಿಸಬಹುದಿತ್ತು. ನಿಲ್ಲಿಸದಿದ್ದದ್ದಕ್ಕೆ ಅವರ ಮುಖವೂ ಒಂದು ಕಾರಣ. ಆ ಮಧ್ಯಾಹ್ನಗಳಲ್ಲಿ ಅದು ದಿನದಿನಕ್ಕೆ ಅರಳುತ್ತಿತ್ತು. "ಇಪ್ಪತ್ತೆಂಟು ವರ್ಷ ಕಲಿಸಿದೆ. ಈ ಮಕ್ಕಳು ಕಲ್ತ ಹಾಗೆ ಯಾರೂ ಕಲೀಲಿಲ್ಲ," ಎಂದು ಒಮ್ಮೆ ಹೇಳಿದರು. ಆ ಮಾತು ಕೇಳಿದ ಮೇಲೆ ತಪ್ಪುಗಳನ್ನು ಇದ್ದ ಹಾಗೆ ಓದಲು ನನ್ನಿಂದ ಆಗಲಿಲ್ಲ.

ನವೆಂಬರಿನಲ್ಲಿ ಮದ್ರಾಸಿನಿಂದ ಶಾಲೆಗಳ ತಪಾಸಣೆಯ ಅಧಿಕಾರಿಣಿ ಬಂದರು. ನಮ್ಮ ತರಗತಿಯಲ್ಲಿ ಮೇಜಿನ ಮೇಲಿದ್ದ ಪುಸ್ತಕಗಳ ರಾಶಿಯಿಂದ ಒಂದನ್ನು ಎಳೆದರು. ಅದು ಗಿರಿಜಾಳದ್ದು. ಹೊಳೆ ದಾಟಿ ಬೆಂಗ್ರೆಗೆ ಹೋದ ಬಗ್ಗೆ ಬರೆದ ಪ್ರಬಂಧ. ಪುಟದ ತುಂಬ ತಪ್ಪು, ಒಂದು ಕೆಂಪು ಗೆರೆಯೂ ಇಲ್ಲ. ಕೆಳಗೆ ಎಂಟು ಅಂಕ.

"ನೀವು ಇದನ್ನು ಓದಿದ್ದೀರಾ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಪ್ರತಿಯೊಂದನ್ನೂ," ಎಂದರು ಟೀಚರ್.

"ಹಾಗಾದರೆ ದಯವಿಟ್ಟು ನಮಗೂ ಓದಿ."

ಟೀಚರ್ ಪುಸ್ತಕ ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ದರು. ಆ ದಿನ ಯಾರೂ ನಗಲಿಲ್ಲ. ಯಾರ ಪುಸ್ತಕವೆಂದು ತಿಳಿಯಿತು, ಯಾವ ಪುಟವೆಂದು ಊಹಿಸಿದರು. ಪುಟದ ಮೇಲೆ ಕಣ್ಣಿಟ್ಟು ಓದತೊಡಗಿದರು. ಒಮ್ಮೆ ಕೇಳಿದ್ದನ್ನು ಅವರು ಮರೆಯುತ್ತಿರಲಿಲ್ಲ. "ದೋಣಿಯ ಒಂದು ಮೂಲೆಯಲ್ಲಿ ನೀರು ಸದ್ದಿಲ್ಲದೆ ಬಂತು, ಮನೆಗೆ ಸಲಿಗೆಯ ನೆಂಟರ ಹಾಗೆ. ಮಾವ ನಗುತ್ತಿದ್ದರು. ಅವರು ನಗುತ್ತಿದ್ದುದರಿಂದ ನನಗೆ ಅಳಲು ಆಗಲಿಲ್ಲ." ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ. ಅವರ ಧ್ವನಿಯಲ್ಲಿ ಆ ವಾಕ್ಯಗಳು ಎಷ್ಟು ಚೆನ್ನಾಗಿ ಕೇಳಿಸಿದವೆಂದರೆ, ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆದದ್ದು ಹಾಗೆ.

ಅಧಿಕಾರಿಣಿ ಪಕ್ಕದಲ್ಲಿ ನಿಂತು ಪುಟದ ಮೇಲೆ ಬೆರಳು ಓಡಿಸುತ್ತಿದ್ದರು. ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ನಿಂತಿತು. ಟೀಚರ್ ಓದುತ್ತಲೇ ಇದ್ದರು. ಮುಗಿದ ಮೇಲೆ ಅಧಿಕಾರಿಣಿ ಗಿರಿಜಾಳನ್ನು ಎಬ್ಬಿಸಿ, "ಈಗ ಓದಿದ್ದು ನೀನು ಬರೆದದ್ದೇ?" ಎಂದು ಕೇಳಿದರು.

ಗಿರಿಜಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅಲ್ಲ ಮೇಡಂ. ನಾನು ಬೇರೆ ಬರ್ದದ್ದು," ಎಂದಳು.

"ದೇವಾ," ಎಂದರು ಟೀಚರ್ ಕೊಂಕಣಿಯಲ್ಲಿ, ತೀರ ಮೆಲ್ಲಗೆ. ಆಮೇಲೆ ಮುಖವನ್ನು ಕಿಟಕಿಯ ಪಕ್ಕದ ಮೂರನೆಯ ಬೆಂಚಿನ ಕಡೆಗೆ, ನಾನಿದ್ದ ಕಡೆಗೆ ತಿರುಗಿಸಿದರು. ನಾನು ಎದ್ದು ನಿಲ್ಲಬೇಕಿತ್ತು. ಕೈಗಳನ್ನು ಬೆಂಚಿನ ಮೇಲೆ ಊರಿದೆ. ಏಳಲಿಲ್ಲ.

ಆ ಸಂಜೆಯೇ ಅವರು ಹೆಡ್ಮಿಸ್ಟ್ರೆಸ್ ಬಳಿಗೆ ಹೋಗಿ ಕಣ್ಣಿನ ವಿಷಯ ಹೇಳಿದರಂತೆ. ಪುಸ್ತಕಗಳನ್ನು ಓದಿ ಹೇಳುತ್ತಿದ್ದವರು ಯಾರು ಎಂದು ಕೇಳಿದಾಗ, "ಮನೆಯಲ್ಲಿ ನನ್ನ ತಂಗಿ," ಎಂದರಂತೆ. ಕ್ರಿಸ್ಮಸ್ಸಿಗೆ ಮೊದಲೇ ಅವರ ಜಾಗಕ್ಕೆ ಬೇರೆಯವರು ಬಂದರು. ಗಿರಿಜಾ ವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬಿದ್ದಳು. ಬೇಸಿಗೆಯಲ್ಲಿ ಮದುವೆಯಾಗಿ ಬೊಂಬಾಯಿಗೆ ಹೋದಳು; ಅವಳ ಸುದ್ದಿ ಮತ್ತೆ ಬರಲಿಲ್ಲ.

ನಾನು ಫಳ್ನೀರಿನ ಅವರ ಮನೆಗೆ ಹೋಗಲು ಆರು ವರ್ಷ ತೆಗೆದುಕೊಂಡೆ. ಅಷ್ಟರಲ್ಲಿ ಮದ್ರಾಸಿನಲ್ಲಿ ಬಿ.ಎ. ಮುಗಿದಿತ್ತು, ಒಂದು ಮಾಸಪತ್ರಿಕೆಯಲ್ಲಿ ನನ್ನ ಎರಡು ಬರಹಗಳು ಅಚ್ಚಾಗಿದ್ದವು. ಬಾಗಿಲು ತೆಗೆದವರು ತಂಗಿ, ಜೋಸೆಫಿನ್ ಬಾಯಿ. ನನ್ನ ಹೆಸರು ಹೇಳಿದ ಕೂಡಲೆ ಸೊಂಟಕ್ಕೆ ಕೈಯಿಟ್ಟರು.

"ಓ, ನೀವಾ! ನನಗೆ ಇಂಗ್ಲಿಷಿನಲ್ಲಿ ಎ ಬಿ ಸಿ ಡಿ ಬರುದಿಲ್ಲ ಗೊತ್ತುಂಟಾ? ಆ ಹೆಡ್ಮಿಸ್ ಮನೆಗೇ ಬಂದು ಕೇಳಿದ್ರು, ನೀವೇ ಓದಿದ್ದಾ ಅಂತ. ಎಸ್, ಎಸ್ ಅಂತ ತಲೆ ಆಡಿಸಿದೆ. ಇನ್ನೊಂದು ಶಬ್ದ ಕೇಳಿದ್ರೆ ನನ್ನ ಕಥೆ ಮುಗೀತಿತ್ತು. ಬನ್ನಿ ಒಳಗೆ."

ಟೀಚರ್ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದರು. ಬಹಳ ಸಣ್ಣಗಾಗಿದ್ದರು. ಕನ್ನಡಕ ಇರಲಿಲ್ಲ. ಅದು ನಮ್ಮ ಕೊನೆಯ ಭೇಟಿ. ಮುಂದಿನ ವರ್ಷ ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಆ ದಿನ ಮೊದಲು ಏನು ಹೇಳಬೇಕೆಂದು ಹಲವು ಸಲ ಬರೆದು ತಿದ್ದಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ತಪ್ಪಾಯ್ತು ಟೀಚರ್."

"ಯಾವುದು? ತಿದ್ದಿದ್ದಾ, ಎದ್ದು ನಿಲ್ಲದೆ ಇದ್ದದ್ದಾ?"

"ಎರಡೂ."

"ನಿಲ್ಲದೆ ಇದ್ದದ್ದು ಒಳ್ಳೇದಾಯ್ತು. ಕೂತ್ಕೊ, ಕೂತ್ಕೊ ಅಂತ ನಾನೇ ಮನಸ್ಸಿನಲ್ಲಿ ಹೇಳ್ತಾ ಇದ್ದೆ. ನನ್ನ ಕಣ್ಣು ಹೇಗೂ ಹೋಗುದೇ. ನಿನ್ನ ಓದು ಯಾಕೆ ಹೋಗ್ಬೇಕು?" ಮಂಚದ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. "ಆ ವರ್ಷ ನಾನು ಎಷ್ಟು ಖುಷಿಯಲ್ಲಿದ್ದೆ ಮಾರಾಯ್ತಿ. ಇಪ್ಪತ್ತಾರು ಮಕ್ಕಳೂ ಕಲ್ತರು ಅಂತ. ರಾತ್ರಿ ಪ್ರಾರ್ಥನೆಯಲ್ಲಿ ದೇವರಿಗೆ ಹೇಳ್ತಿದ್ದೆ. ಕಲ್ತದ್ದು ಒಬ್ಬಳು."

ನಾನು ಅವರ ಪಕ್ಕ ಕುಳಿತೆ.

"ನೀನು ಬರೀತಿ ಅಂತ ಕೇಳಿದೆ. ಸಂತೋಷ. ನಿನಗೆ ಬೈಯುದಿಲ್ಲ ನಾನು. ಒಂದು ಮಾತ್ರ ಕೇಳ್ಬೇಕು ಅಂತ ಇತ್ತು." ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. "ಆ ದೋಣಿಯ ಪ್ರಬಂಧ. ನೀನು ಹೇಳಿದ್ದು ನನಗೆ ಈಗಲೂ ಬಾಯಿಗೆ ಬರ್ತದೆ. ಗಿರಿಜಾ ಎಂತ ಬರ್ದಿದ್ಲು? ದೋಣಿಯಲ್ಲಿ ಕೂತದ್ದು ಅವಳಲ್ವಾ? ತಪ್ಪು ಇರ್ಲಿ, ಹೇಗೂ ಇರ್ಲಿ, ಅವಳು ಬರ್ದ ಹಾಗೆಯೇ ಹೇಳು. ಅದನ್ನು ನಾನು ಕೇಳ್ಳೇ ಇಲ್ಲ."

ಆ ಪುಟ ನನ್ನ ಕಣ್ಣ ಮುಂದೆ ಬಂತು. ಅವಳ ದುಂಡನೆಯ ಅಕ್ಷರ, ಅಂಚಿನಲ್ಲಿ ಎಣ್ಣೆಯ ಕಲೆ, ಕೆಳಗೆ ಎಂಟು ಎಂಬ ಅಂಕ. ಓದಲು ನೋಡಿದೆ. ನೀರು ಸದ್ದಿಲ್ಲದೆ ಬಂತು. ಮಾವ ನಗುತ್ತಿದ್ದರು. ಬಂದವೆಲ್ಲ ನನ್ನ ವಾಕ್ಯಗಳೇ. ಅವಳ ಮಾವ ನಿಜವಾಗಿ ನಕ್ಕಿದ್ದರೇ, ಅವಳು ಅತ್ತಿದ್ದಳೇ, ದೋಣಿಗೆ ನೀರು ನುಗ್ಗಿತ್ತೇ, ಒಂದೂ ನನಗೆ ನೆನಪಿರಲಿಲ್ಲ. ಬಹುಶಃ ಓದುವಾಗಲೇ ನಾನು ಅದನ್ನು ಓದಿರಲಿಲ್ಲ.

ಟೀಚರ್ ಕಣ್ಣು ಮುಚ್ಚಿ, ಕತ್ತನ್ನು ಸ್ವಲ್ಪ ನನ್ನ ಕಡೆಗೆ ಬಾಗಿಸಿ, ಕಾಯುತ್ತ ಕುಳಿತಿದ್ದರು.