ರೋದಿಯೋನ್ ಬರೆದ ಮೂರು ಪುಟ

ರೋದಿಯೋನ್ ಚೆಬೊತಾರ್ ನನ್ನ ಸಹಪಾಠಿ. ಎರಡು ಸಾವಿರದ ಏಳರಲ್ಲಿ ಟಿರಾಸ್ಪೋಲಿನ ವಿಶ್ವವಿದ್ಯಾಲಯದಲ್ಲಿ ರಾಜತಂತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಲು ಹನ್ನೊಂದು ಮಂದಿ ಸೇರಿದ್ದೆವು. ನಾನು ಸೇರಿದ್ದು ಕಾನೂನು ವಿಭಾಗದಲ್ಲಿ ಸೀಟು ಸಿಗದೆ. ಉಳಿದವರ ಕಥೆಯೂ ಹೆಚ್ಚುಕಡಿಮೆ ಅಂಥದೇ. ಇದನ್ನೇ ಓದಬೇಕೆಂದು ಬಂದವನು ರೋದಿಯೋನ್ ಒಬ್ಬನೇ.

ನಮ್ಮ ದೇಶಕ್ಕೆ ಬಾವುಟವಿದೆ, ಸೈನ್ಯವಿದೆ, ಅಂಚೆಚೀಟಿಯೂ ಇದೆ. ಅದನ್ನು ದೇಶವೆಂದು ಒಪ್ಪಿದವರು ಮಾತ್ರ ನಮ್ಮ ಹಾಗೇ ಯಾರೂ ಒಪ್ಪದ ಎರಡು ಮೂರು ನಾಡಿನವರು ಅಷ್ಟೇ. ಮಿಕ್ಕ ಲೋಕದ ಪಾಲಿಗೆ ನಾವು ನದಿಯಾಚೆಯ ಮೊಲ್ಡೋವಾದ ಒಂದು ತುಂಡು. ಅಂಥ ಊರಿನಲ್ಲಿ ಕೂತು ರಾಯಭಾರಿಯಾಗಲು ಓದುವುದೆಂದರೆ ಏನೆಂದು ನಮಗೆಲ್ಲ ತಿಳಿದಿತ್ತು. ಅದರ ಬಗ್ಗೆ ತಮಾಷೆ ಮಾಡುತ್ತಿದ್ದೆವು, ಮಾತಾಡುತ್ತಿರಲಿಲ್ಲ.

ರೋದಿಯೋನ್ ಬೆಂದೇರಿ ಊರಿನವನು. ದಿನಾ ಹತ್ತೊಂಬತ್ತನೇ ನಂಬರಿನ ಟ್ರಾಲಿಬಸ್ಸಿನಲ್ಲಿ ಸೇತುವೆ ದಾಟಿ ಬರುತ್ತಿದ್ದ. ತಾಯಿ ಅಗಾಫ್ಯಾ ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ತಂದೆ ತೊಂಬತ್ತೆರಡರಲ್ಲಿ ಮೊಲ್ಡೋವಾದೊಡನೆ ನಡೆದ ಯುದ್ಧದಲ್ಲಿ ಸತ್ತಿದ್ದ. ಗುಂಡು ಬಿದ್ದಿದ್ದು ತೊಡೆಗೆ, ಸಾಯುವಂಥ ಗಾಯವಲ್ಲ. ಆಂಬುಲೆನ್ಸನ್ನು ಯಾರು ಬಿಡಬೇಕು, ಯಾರು ತಡೆಯಬೇಕು ಎಂದು ಎರಡು ಕಡೆಯವರೂ ವಾದ ಮಾಡುತ್ತಿರುವಾಗ ರಕ್ತ ಹರಿದು ಹೋಯಿತು. ರೋದಿಯೋನನಿಗೆ ಆಗ ಮೂರು ವರ್ಷ. ಈ ಸಂಗತಿಯನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಅದೂ ಪರೀಕ್ಷೆಯ ವೇಳಾಪಟ್ಟಿ ಹೇಳುವವನ ಹಾಗೆ.

ನಮಗೆ ಪಾಠ ಹೇಳುತ್ತಿದ್ದವರು ವೆನಿಯಾಮಿನ್ ಒಸಿಪೊವಿಚ್. ಸೋವಿಯತ್ ಕಾಲದಲ್ಲಿ ಆಫ್ರಿಕಾದ ಯಾವುದೋ ರಾಯಭಾರ ಕಚೇರಿಯಲ್ಲಿ ಆರು ವರ್ಷ ಇದ್ದವರು. ಎರಡನೇ ವರ್ಷ ತರಗತಿಯನ್ನು ಎರಡು ಪಾಲು ಮಾಡಿ ಅಣಕು ಸಂಧಾನ ಮಾಡಿಸಿದರು. ಈ ಬದಿ ನಾವು, ಆ ಬದಿ ಮೊಲ್ಡೋವಾದ ರಾಜಧಾನಿ ಚಿಶಿನಾವ್‌ನ ಸರ್ಕಾರ. ಆ ಬದಿಗೆ ಹೋಗಲು ಯಾರೂ ಎದ್ದೇಳಲಿಲ್ಲ. ರೋದಿಯೋನ್ ಕುರ್ಚಿ ಎಳೆದುಕೊಂಡು ಒಬ್ಬನೇ ಹೋಗಿ ಕೂತ.

"ಲೋ ರೋದ್ಯಾ, ಅವ್ರು ನಿಂಗೆ ಏನು ಆಸೆ ತೋರ್ಸಿದಾರೋ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಮ್ ಕಡೆ ಬಾಯಿ ಮಾಡೋಕೆ ನೀವು ಹತ್ತು ಜನ ಇದೀರಲ್ಲ," ಎಂದ ರೋದಿಯೋನ್. "ಆ ಕಡೆಯವ್ರಿಗೆ ಏನು ನೋವು ಅಂತ ಒಬ್ಬನಾದ್ರೂ ತಿಳ್ಕೊಬೇಡ್ವಾ?"

ಎರಡು ಗಂಟೆಯಲ್ಲಿ ಅವನು ನಮ್ಮ ಹತ್ತೂ ಜನರ ಬಾಯಿ ಮುಚ್ಚಿಸಿದ. ಸೋತೆವೆಂದು ನಮಗೆ ಅನಿಸಲೂ ಇಲ್ಲ, ಹಾಗೆ ಮುಚ್ಚಿಸಿದ. ತರಗತಿ ಮುಗಿದ ಮೇಲೆ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, "ನೋಡಪ್ಪಾ, ಬೇಕರಿ ಕೆಲಸ ಕಲ್ತ್ಕೋ. ತಮಾಷೆಗೆ ಹೇಳ್ತಿಲ್ಲ ನಾನು," ಎಂದರು. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ.

ಐದು ವರ್ಷ ಓದಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದ. ಲಿಥುವೇನಿಯಾದ ಒಂದು ವಿಶ್ವವಿದ್ಯಾಲಯ ಅವನ ಪ್ರಬಂಧ ಮೆಚ್ಚಿ ಮುಂದಿನ ಓದಿಗೆ ಕರೆಯಿತು. ಒಂದೇ ಷರತ್ತು: ಪದವಿಪತ್ರಕ್ಕೆ ಚಿಶಿನಾವ್‌ನಲ್ಲಿ ಮುದ್ರೆ ಹಾಕಿಸಿ ತರಬೇಕು. ಅವನ ಜೊತೆ ನಾನೂ ಹೋದೆ. ಕಿಟಕಿಯ ಹಿಂದೆ ಕೈಹೆಣಿಗೆಯ ಸ್ವೆಟರ್ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಪದವಿಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮಗಾ, ಈ ಸೀಲು ನಮ್ಮ ಪುಸ್ತಕದಲ್ಲಿಲ್ಲ."

"ಐದು ವರ್ಷ ಓದಿದೀನಮ್ಮಾ."

"ಓದಿದೀಯಾ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಕಾಗದ ಹೇಳ್ಬೇಕಲ್ಲಪ್ಪಾ? ಕಾಗದದ ಪ್ರಕಾರ ನಿಂದು ಶಾಲೆ ಮುಗ್ದಿದೆ, ಅಷ್ಟೇ. ಬೇಕಾದ್ರೆ ಇಲ್ಲಿ ಮೊದಲ್ನೇ ವರ್ಷಕ್ಕೆ ಸೇರ್ಕೋ, ಇನ್ನೂ ಹುಡುಗ ನೀನು."

ಅವಳ ದನಿಯಲ್ಲಿ ತಿರಸ್ಕಾರವಿರಲಿಲ್ಲ. ಇದ್ದಿದ್ದರೆ ಅವನು ಜಗಳವಾಡಬಹುದಿತ್ತು. ಹೊರಗೆ ಬಂದವನು ಪದವಿಪತ್ರವನ್ನು ಮಡಿಸದೆ, ಅಂಗಿಯೊಳಗೆ ಎದೆಗೆ ನೇರವಾಗಿ ಇಟ್ಟುಕೊಂಡ. ಬಸ್ಸಿನಲ್ಲಿ ಬೆನ್ನು ಬಾಗಿಸದೆ ಕೂತೇ ಬಂದ.

ಆಮೇಲೆ ನಮ್ಮ ವಿದೇಶಾಂಗ ಕಚೇರಿಯಲ್ಲಿ ಗುಮಾಸ್ತನಾದ. ಬೇರೆ ಬೇರೆ ದೇಶಗಳ ಹಬ್ಬಗಳಿಗೆ ಶುಭಾಶಯದ ಪತ್ರ ಬರೆಯುವುದು ಅವನ ಕೆಲಸ. ಉತ್ತರ ಬರುತ್ತಿರಲಿಲ್ಲ. ಒಂದೇ ಒಂದು ಸಲ ಯಾವುದೋ ದ್ವೀಪರಾಷ್ಟ್ರದಿಂದ ದಪ್ಪ ಲಕೋಟೆ ಬಂತು. ಕಚೇರಿಗೆ ಕಚೇರಿಯೇ ಅವನ ಮೇಜಿನ ಸುತ್ತ ನೆರೆಯಿತು. ಒಡೆದು ನೋಡಿದರೆ ಅವರ ಪ್ರವಾಸೋದ್ಯಮದವರು ಕಳಿಸಿದ ಸಮುದ್ರತೀರದ ಬಣ್ಣದ ಪುಸ್ತಿಕೆ.

ಅಲ್ಲಿದ್ದ ಎರಡನೇ ವರ್ಷ ಅವನು ಆ ಮೂರು ಪುಟ ಬರೆದ. ನಮ್ಮ ಕಡೆಯ ಆಂಬುಲೆನ್ಸು ಆ ಕಡೆಯ ದೊಡ್ಡಾಸ್ಪತ್ರೆಗೆ ಹೋಗುವಂತಿರಲಿಲ್ಲ, ಅದರ ನಂಬರ್ ಪ್ಲೇಟನ್ನು ಅವರು ಒಪ್ಪುತ್ತಿರಲಿಲ್ಲ. ರೋಗಿಯನ್ನು ತನಿಖಾ ಠಾಣೆಯಲ್ಲಿ ಇಳಿಸಿ ಅವರ ಗಾಡಿಗೆ ಹತ್ತಿಸಬೇಕು. ನಾಲ್ಕು ತಿಂಗಳು ರಜೆಯ ದಿನಗಳಲ್ಲೆಲ್ಲ ರೋದಿಯೋನ್ ಚಾಲಕರ ಪಕ್ಕದಲ್ಲಿ ಕೂತು ಓಡಾಡಿದ, ಗಡಿಯಾರ ಹಿಡಿದು ಬರೆದುಕೊಂಡ. ಪ್ರತಿ ರೋಗಿಗೂ ಸರಾಸರಿ ನಲವತ್ತೊಂದು ನಿಮಿಷ ತಡವಾಗುತ್ತಿತ್ತು. ಯಾವ ದೇಶದ ಗುರುತೂ ಇಲ್ಲದ ಬಿಳಿ ಪ್ಲೇಟು, ಎರಡೂ ಕಡೆಯ ವೈದ್ಯರು ಸಹಿ ಮಾಡುವ ಒಂದೇ ಚೀಟಿ, ಒಂದು ಫೋನ್ ನಂಬರು. ಅವನು ಕೇಳಿದ್ದು ಇಷ್ಟೇ.

ವಿಭಾಗದ ಮುಖ್ಯಸ್ಥ ಗ್ಲೇಬ್ ಸವೇಲ್ಯೆವಿಚ್ ಓದಿ ನೋಡಿದ.

"ಇದ್ರಲ್ಲಿ 'ಗಡಿ' ಅನ್ನೋ ಪದಾನೇ ಇಲ್ವಲ್ಲಯ್ಯಾ?"

"ಬೇಕಂತ್ಲೇ ಬಿಟ್ಟಿದೀನಿ ಸಾರ್. ಆ ಪದ ಇದ್ರೆ ಅವ್ರು ಸಹಿ ಹಾಕಲ್ಲ."

"ಇಲ್ದಿದ್ರೆ ನಾವು ಹಾಕಲ್ಲ," ಎಂದ ಗ್ಲೇಬ್. ಆದರೂ ಆ ಕಡೆಯವರೊಂದಿಗಿನ ಮುಂದಿನ ಮಾತುಕತೆಯ ಪಟ್ಟಿಯಲ್ಲಿ ಅದನ್ನು ಏಳನೇ ವಿಷಯವಾಗಿ ಸೇರಿಸಿದ. ಟಿಪ್ಪಣಿ ಬರೆದುಕೊಳ್ಳಲು ರೋದಿಯೋನನನ್ನೂ ಕರೆದುಕೊಂಡು ಹೋದ. ಅವತ್ತು ಅಗಾಫ್ಯಾ ಮಗನ ಕೋಟಿಗೆ ಮೂರು ಸಲ ಇಸ್ತ್ರಿ ಹಾಕಿದಳಂತೆ.

ಮಾತುಕತೆ ನಡೆದದ್ದು ಬೆಂದೇರಿಯಲ್ಲೇ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕಾಗದದ ತಲೆಬರಹದಲ್ಲಿ ನಮ್ಮನ್ನು ಗಣರಾಜ್ಯ ಎನ್ನಬೇಕೋ ಪ್ರದೇಶ ಎನ್ನಬೇಕೋ ಎಂಬ ಚರ್ಚೆ. ಊಟದ ಹೊತ್ತಿಗೆ ರೋದಿಯೋನ್ ಹಿಂದಿನ ಮೆಟ್ಟಿಲ ಮೇಲೆ ಪ್ಲಚಿಂತಾ ರೊಟ್ಟಿ ತಿನ್ನುತ್ತಾ ಕೂತಿದ್ದ. ಆ ಕಡೆಯ ಟಿಪ್ಪಣಿಗಾರ್ತಿ ವಿಯೋರಿಕಾ ಸಿಗರೇಟು ಸೇದಲು ಅಲ್ಲಿಗೇ ಬಂದಳು.

"ಆಂಬುಲೆನ್ಸ್ ಕಾಗದ ಬರ್ದಿದ್ದು ನೀವೇನಾ?" ಎಂದು ಕೇಳಿದಳು. "ಒಳ್ಳೇ ಕೆಲ್ಸ ಮಾಡ್ದ್ರಿ ನೀವು! ನಾನೂ ಒಂದು ಬರ್ದಿದೀನಿ. ನಮ್ಮ ಸಾಹೇಬ್ರು ಅದನ್ನ ಪಟ್ಟಿಗೇ ಸೇರಿಸ್ಲಿಲ್ಲ."

ಚೀಲದಿಂದ ತೆಗೆದು ತೋರಿಸಿದಳು. ಇಬ್ಬರೂ ಮೊಣಕಾಲಿನ ಮೇಲೆ ಕಾಗದ ಹರಡಿ ಸಾಲು ಸಾಲಾಗಿ ಹೋಲಿಸಿದರು. ಇಬ್ಬರ ಲೆಕ್ಕದ ನಡುವೆ ಇದ್ದ ವ್ಯತ್ಯಾಸ ಎರಡು ನಿಮಿಷ. ಅವಳ ಪ್ಲೇಟು ಹಳದಿ, ಇವನದು ಬಿಳಿ.

"ಬಿಳೀನೇ ಇರ್ಲಿ ಬಿಡಿ, ಕತ್ಲಲ್ಲೂ ಕಾಣತ್ತೆ," ಎಂದಳು ವಿಯೋರಿಕಾ.

"ಮುಗೀತಾ ಹಾಗಾದ್ರೆ?"

"ಮುಗೀತು. ಒಂದು ಸಿಗರೇಟಿನ ಕೆಲ್ಸ!"

ಇಬ್ಬರೂ ನಗುತ್ತಾ ರೋದಿಯೋನನ ಪ್ರತಿಯ ಮೂರೂ ಪುಟದ ಅಂಚಿಗೆ ತಮ್ಮ ತಮ್ಮ ಸಹಿ ಹಾಕಿದರು. ಆಟಕ್ಕೆ ಹಾಕಿದ್ದು. ಆದರೆ ಪೂರ್ತಿ ಆಟವೂ ಅಲ್ಲ ಎಂದು ಅವನೇ ನನಗೆ ಹೇಳಿದ.

ಸಂಜೆ ಐದಕ್ಕೆ ಸಭೆ ಮುರಿದುಬಿತ್ತು. ಎರಡನೇ ವಿಷಯದ ನಡುವಿನಲ್ಲೇ ನಮ್ಮವರು ಎದ್ದುಬಂದರು. ಮರುದಿನ ರೋದಿಯೋನ್ ಆ ಪುಟಗಳನ್ನು ಗ್ಲೇಬನ ಮುಂದಿಟ್ಟ. ಅವರ ಕಡೆಯೂ ಒಪ್ಪುವವರು ಇದ್ದಾರೆಂದು ಕಂಡರೆ ಮನಸ್ಸು ಬದಲಾದೀತು ಅಂದುಕೊಂಡಿದ್ದ. ಇಷ್ಟು ಓದಿದವನಿಗೆ ಅದರ ಅಪಾಯ ಹೇಗೆ ಹೊಳೆಯಲಿಲ್ಲವೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗ್ಲೇಬನ ಮುಖ ಬಿಳಿಚಿಕೊಂಡಿತು. "ಅವ್ರ ಜೊತೆ ಸಹಿ ಹಾಕ್ದ್ಯಾ? ಯಾರನ್ನ ಕೇಳಿ ಹಾಕ್ದೆ?"

"ಹೆಸರು ಬರ್ದಿದೀನಿ ಅಷ್ಟೇ ಸಾರ್."

"ನಿನ್ನ ಹೆಸರು ನಿಂದಲ್ಲವೋ! ಈ ಕಚೇರೀಲಿ ಇರೋವರ್ಗೂ ಅದು ಸರ್ಕಾರದ್ದು."

ವಿಚಾರಣೆ ಮೂರು ವಾರ ನಡೆಯಿತು. ವಿಯೋರಿಕಾಳನ್ನು ಹೇಗೆ ಬಲ್ಲೆ, ಎಷ್ಟು ಸಲ ಭೇಟಿಯಾದೆ, ಅವಳು ಏನು ಕೊಟ್ಟಳು ಎಂದು ಅದದೇ ಪ್ರಶ್ನೆ. ಕೊನೆಗೆ ರಾಜೀನಾಮೆ ಬರೆಸಿಕೊಂಡರು. ಮೂರು ಪುಟವನ್ನೂ ಕಡತಕ್ಕೆ ಹೊಲಿದು ಇಟ್ಟುಕೊಂಡರು. ಅತ್ತ ವಿಯೋರಿಕಾಳನ್ನು ದಾಖಲೆ ಕೋಣೆಗೆ ಹಾಕಿದರೆಂದು ಆಮೇಲೆ ತಿಳಿಯಿತು. ಮಾತುಕತೆ ಮತ್ತೆ ಕೂಡಲು ಒಂದೂವರೆ ವರ್ಷ ಹಿಡಿಯಿತು. ಆ ಪಟ್ಟಿಯಲ್ಲಿ ಆಂಬುಲೆನ್ಸಿನ ಮಾತಿರಲಿಲ್ಲ.

ವೆನಿಯಾಮಿನ್ ಒಸಿಪೊವಿಚ್ ಅವನಿಗೆ ವಿಭಾಗದಲ್ಲೊಂದು ಪಾಠದ ಕೆಲಸ ಕೊಡಿಸಲು ಓಡಾಡಿದರು. ಕೊಡುವವರೂ ಇದ್ದರೇನೋ, ಓದುವವರಿರಲಿಲ್ಲ. ಆ ವರ್ಷ ಮೊದಲ ತರಗತಿಗೆ ಸೇರಿದ್ದು ಇಬ್ಬರು. ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು, ವಸಂತದಲ್ಲಿ ರೋದಿಯೋನ್ ಪೋಲೆಂಡಿಗೆ ಹೋದ, ಅಣಬೆ ಬೆಳೆಯುವ ಶೆಡ್ಡುಗಳಲ್ಲಿ ಕೆಲಸಕ್ಕೆ. ಹೋಗಲು ಮೊಲ್ಡೋವಾದ ಪಾಸ್‌ಪೋರ್ಟ್ ಮಾಡಿಸಿಕೊಂಡ. ಅದಕ್ಕೆ ತೊಂದರೆಯಾಗಲಿಲ್ಲ, ನಾಲ್ಕೇ ದಿನದಲ್ಲಿ ಸಿಕ್ಕಿತು.

ನಾನು ಈಗ ಮೊಬೈಲ್ ಅಂಗಡಿಯಲ್ಲಿದ್ದೇನೆ. ಐದು ವರ್ಷದ ಮೇಲೆ ಈಸ್ಟರಿಗೆ ಅವನು ಬಂದಿದ್ದಾನೆಂದು ತಿಳಿದು ಬೆಂದೇರಿಗೆ ಹೋದೆ. ಅಗಾಫ್ಯಾ ಕಾರ್ಖಾನೆ ಬಿಟ್ಟಿದ್ದಳು, ಕಿವಿ ಮಂದವಾಗಿತ್ತು. ಅವನ ಬೆರಳುಗಳು ಬಿರಿದಿದ್ದವು, ಉಗುರಿನ ಸುತ್ತ ಕಪ್ಪು ಹಿಡಿದಿತ್ತು.

"ಅಲ್ಲಿ ಜನ ಹೇಗಿದಾರೋ?" ಎಂದು ಕೇಳಿದೆ.

"ಉಕ್ರೇನಿನವ್ರು, ನೇಪಾಳದವ್ರು, ನಮ್ಮವ್ರು. ಮೇಲಿನ ತಟ್ಟೆ ಅಣಬೆ ಯಾರು ಕೀಳ್ಬೇಕು, ಕೆಳಗಿಂದು ಯಾರು ಕೀಳ್ಬೇಕು ಅಂತ ದಿನಾ ಜಗಳ ಕಣೇ ತಾಸ್ಯಾ. ಕೆಳಗಿನ ತಟ್ಟೇಲಿ ಬೆನ್ನು ಹೋಗತ್ತೆ. ಹೋದ್ ತಿಂಗ್ಳು ಕತ್ತಿ ತೋರ್ಸೋವರ್ಗೂ ಹೋಯ್ತು."

"ನೀನು ಸುಮ್ನಿದ್ಯಾ? ನೀನು ಬಾಯಿ ಹಾಕಿದ್ರೆ ಐದ್ನಿಮಿಷದ ಕೆಲ್ಸ ಅದು."

ಅವನು ಬೆರಳಿನ ಬಿರುಕನ್ನು ಉಜ್ಜಿಕೊಂಡ. "ಕಿವಿಗೆ ಹಾಡು ಹಾಕ್ಕೊಂಡು ಕೆಲ್ಸ ಮಾಡ್ತೀನಿ ಕಣೇ. ಏನೂ ಕೇಳ್ಸಲ್ಲ."

"ಏನಂತೆ ಅವ್ನು?" ಎಂದಳು ಅಗಾಫ್ಯಾ, ಕಿವಿಯನ್ನು ನನ್ನ ಕಡೆ ವಾಲಿಸಿ.

"ಚೆನ್ನಾಗಿದೀನಿ ಅಂತಿದಾನಮ್ಮಾ," ಎಂದೆ.

ಅವಳು ತಲೆಯಾಡಿಸಿ ನನ್ನ ತಟ್ಟೆಗೆ ಇನ್ನೊಂದು ತುಂಡು ಈಸ್ಟರ್ ರೊಟ್ಟಿ ಹಾಕಿದಳು. ನಾಲ್ಕು ಗಂಟೆಗೆ ಅವನ ಬಸ್ಸಿತ್ತು. ನಿಲ್ದಾಣದವರೆಗೆ ಹೋದೆ. ಚಾಲಕ ಎಲ್ಲರ ಪಾಸ್‌ಪೋರ್ಟನ್ನೂ ಒಟ್ಟು ಮಾಡಿಕೊಂಡು ರಬ್ಬರ್ ಬ್ಯಾಂಡ್ ಹಾಕಿದ. ಬಸ್ಸು ಹೊರಡುವ ಮೊದಲೇ ರೋದಿಯೋನ್ ಕಿಟಕಿಯ ಪರದೆ ಎಳೆದುಕೊಂಡಿದ್ದ.